ಬೇರೆ ಸಭೆಯವರನ್ನು ತಿದ್ದುವ ಮುನ್ನ

ಒಂದೇ ಸಭೆಯ ಇಬ್ಬರ ನಡುವೆ ಮನಸ್ತಾಪ ಬಂದರೆ ಏನು ಮಾಡಬೇಕು ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು ಮತ್ತಾಯ 18ನೇ ಅಧ್ಯಾಯವನ್ನು ಬಾಯಿಪಾಠ ಒಪ್ಪಿಸುತ್ತೀರಿ. ಮೊದಲು ನೀನೊಬ್ಬನೇ ಹೋಗಿ ಅವನಿಗೆ ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. 15ರಿಂದ 17ರವರೆಗೆ ಮೂರು ವಚನ, ಮೂರು ಮೆಟ್ಟಿಲು. ಆದರೆ ಇವತ್ತು ನಾವು ಮಾತಾಡಲು ಹೊರಟಿರುವ ವಿಷಯದಲ್ಲಿ ಮೂರನೆಯ ಮೆಟ್ಟಿಲೇ ಇಲ್ಲ. ಕಥೋಲಿಕ ಸಹೋದರಿಯೊಬ್ಬರ ಬಗ್ಗೆ ಪೆಂತೆಕೋಸ್ತ್ ಸಹೋದರನಿಗೆ ಆಕ್ಷೇಪವಿದೆ ಅನ್ನಿ. ಅವನು ಯಾವ ಸಭೆಗೆ ಹೇಳುವುದು? ತನ್ನ ಪಾಸ್ಟರಿಗೆ ಹೇಳಿದರೆ, ಆಕೆಯ ಮೇಲೆ ಅವರಿಗೆ ಯಾವ ಅಧಿಕಾರವೂ ಇಲ್ಲ. ಆಕೆಯ ಫಾದರ್ ಬಳಿ ಹೇಳಿದರೆ, ಆಕೆ ಮಾಡುತ್ತಿರುವುದು ಸರಿಯಾಗಿಯೇ ಇದೆ ಎನ್ನುತ್ತಾರೆ. ಇಬ್ಬರೂ ತಲೆಬಾಗುವಂಥ ಪೀಠ ಎಲ್ಲೂ ಇಲ್ಲ.

ಬೇರೆ ಬೇರೆ ಸಂಪ್ರದಾಯಗಳ ಕ್ರೈಸ್ತರ ನಡುವೆ ಮಾತು ಕೆಡುವುದು ಬಹುಪಾಲು ಇಲ್ಲೇ. ಇಲ್ಲದ ಅಧಿಕಾರ ಇದೆ ಅಂದುಕೊಂಡು ಮಾತಾಡುತ್ತೇವೆ. ನಮ್ಮ ಸಭೆಯ ನಿಯಮ ಮುರಿದವನನ್ನು ಎಚ್ಚರಿಸುವ ದನಿಯಲ್ಲೇ, ಆ ನಿಯಮಕ್ಕೆ ಎಂದೂ ಒಪ್ಪಿಕೊಂಡಿರದವನನ್ನೂ ಎಚ್ಚರಿಸುತ್ತೇವೆ. ಅವನಿಗೆ ಅದು ತಿದ್ದುಪಡಿಯಾಗಿ ಕೇಳಿಸುವುದಿಲ್ಲ, ದಾಳಿಯಾಗಿ ಕೇಳಿಸುತ್ತದೆ. ಹಾಗಾದರೆ ಬಾಯಿ ಮುಚ್ಚಿಕೊಂಡಿರಬೇಕೇ? ಖಂಡಿತ ಬೇಡ. ಅಧಿಕಾರ ಇಲ್ಲದವರಿಗೂ ಒಂದು ದಾರಿ ಉಳಿದಿದೆ. ಎದುರಿನವರು ಆಗಲೇ ಒಪ್ಪಿಕೊಂಡಿರುವ ಸತ್ಯವೊಂದನ್ನು ಹಿಡಿದು, ಅದರ ಕಡೆಗೆ ಅವರನ್ನು ಕರೆಯಬಹುದು. ನಾನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ಮಾತೆತ್ತುವ ಮುಂಚೆ ನಿಮ್ಮ ಆಕ್ಷೇಪವನ್ನು ಒಂದು ಚೀಟಿಯಲ್ಲಿ ಒಂದೇ ವಾಕ್ಯವಾಗಿ ಬರೆಯಿರಿ. ಒಂದು ವಾಕ್ಯಕ್ಕೆ ಅದು ಇಳಿಯುತ್ತಿಲ್ಲ ಎಂದರೆ ನಿಮ್ಮಲ್ಲಿರುವುದು ನಾಲ್ಕೈದು ಆಕ್ಷೇಪ, ಇಲ್ಲವೇ ಬರೀ ಸಿಟ್ಟು. ಬರೆದಾದ ಮೇಲೆ ಅದನ್ನು ನೋಡಿ ಕೇಳಿಕೊಳ್ಳಿ: ಇದು ಸಂಗತಿಯ ಪ್ರಶ್ನೆಯೋ, ಆಚರಣೆಯ ಪ್ರಶ್ನೆಯೋ, ಬೋಧನೆಯ ಪ್ರಶ್ನೆಯೋ, ಯಾರಿಗಾದರೂ ಆಗುತ್ತಿರುವ ಅನ್ಯಾಯದ ಪ್ರಶ್ನೆಯೋ? ಸಂಗತಿಯನ್ನು ಪುಸ್ತಕ ತೆರೆದು ನೋಡಿ ತೀರ್ಮಾನಿಸಬಹುದು. ಆಚರಣೆಯನ್ನು ಬಹಳ ಸಲ ಅವರವರ ಪಾಡಿಗೆ ಬಿಡಬಹುದು. ಬೋಧನೆಗೆ ವರ್ಷಗಟ್ಟಲೆ ತಾಳ್ಮೆ ಬೇಕು. ಅನ್ಯಾಯದ ಮುಂದೆ ಒಂದು ದಿನದ ತಾಳ್ಮೆಯೂ ಸಲ್ಲದು. ಒಂದಕ್ಕೆ ಹಾಕಬೇಕಾದ ದಾರಿಯನ್ನು ಇನ್ನೊಂದಕ್ಕೆ ಹಾಕಿದಾಗಲೇ ಅನಾಹುತ.

ಸಂಗತಿಯಿಂದ ಶುರು ಮಾಡೋಣ. ಅದು ಸುಲಭ ಎಂದು ಕಾಣುತ್ತದೆ, ಆದರೆ ನಾವು ಎಡವುವುದು ಇಲ್ಲೇ ಹೆಚ್ಚು. ‘ಕಥೋಲಿಕರು ಎರಡನೆಯ ಆಜ್ಞೆಯನ್ನೇ ಕಿತ್ತುಹಾಕಿದ್ದಾರೆ’ ಎಂಬ ಆರೋಪವನ್ನು ನೀವು ಕೇಳಿರುತ್ತೀರಿ. ವಿಮೋಚನಕಾಂಡದ 20ನೇ ಅಧ್ಯಾಯವನ್ನು ತೆರೆದು ನೋಡಿ. ಅಲ್ಲಿ ಆಜ್ಞೆಗಳಿಗೆ ಒಂದು, ಎರಡು ಎಂದು ಸಂಖ್ಯೆ ಹಾಕಿಲ್ಲ. ಹತ್ತು ಎಂಬ ಲೆಕ್ಕ ಸಿಗುವುದು 34ನೇ ಅಧ್ಯಾಯದ 28ನೇ ವಚನದಂಥ ಬೇರೆ ಕಡೆಗಳಲ್ಲಿ. ಹಳೆಯ ಸಭೆಯ ಬೋಧಕ ಅಗಸ್ಟೀನರ ಎಣಿಕೆಯ ಪ್ರಕಾರ ಅನ್ಯದೇವರುಗಳು ಬೇಡ, ವಿಗ್ರಹ ಮಾಡಬೇಡ ಎಂಬೆರಡೂ ಸೇರಿ ಮೊದಲನೆಯ ಆಜ್ಞೆ. ಕೊನೆಗೆ ಆಶಿಸಬೇಡ ಎಂಬುದು ಎರಡಾಗುತ್ತದೆ. ಕಥೋಲಿಕರು ಈ ಎಣಿಕೆಯನ್ನು ಅನುಸರಿಸುತ್ತಾರೆ. ಲೂಥರನ್ ಸಭೆಗಳೂ ಇದನ್ನೇ ಅನುಸರಿಸುತ್ತವೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಮತ್ತು ಸ್ವಿಂಗ್ಲಿ, ಕ್ಯಾಲ್ವಿನ್ ದಾರಿಯ ರಿಫಾರ್ಮ್ಡ್ ಸಭೆಗಳಲ್ಲಿ ವಿಗ್ರಹದ ಮಾತು ಎರಡನೆಯ ಆಜ್ಞೆ. ಯಾರ ಬೈಬಲಿನಿಂದಲೂ ಒಂದು ವಚನವೂ ಕಳೆದುಹೋಗಿಲ್ಲ. ಮಕ್ಕಳಿಗೆ ಕಲಿಸುವ ಚಿಕ್ಕ ಪಾಠದಲ್ಲಿ ವಿಗ್ರಹದ ಮಾತನ್ನು ಬಿಟ್ಟು ಮೊದಲ ಆಜ್ಞೆಯನ್ನು ಚುಟುಕಾಗಿ ಕೊಡುವುದೇಕೆ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ಅದೇ ಪ್ರಶ್ನೆಯನ್ನು ಪ್ರೊಟೆಸ್ಟಂಟ್ ಸುಧಾರಣೆ ಆರಂಭಿಸಿದ ಲೂಥರ್ ಬರೆದ ಚಿಕ್ಕ ಉಪದೇಶ ಪುಸ್ತಕದ ಮುಂದೆಯೂ ಇಡಬೇಕಾಗುತ್ತದೆ, ಏಕೆಂದರೆ ಅಲ್ಲಿಯೂ ಆ ಮಾತಿಲ್ಲ.

ಆಚೆ ದಿಕ್ಕಿನಿಂದಲೂ ಇಂಥದೇ ಆರೋಪ ಬರುತ್ತದೆ: ‘ಲೂಥರ್ ಬೈಬಲಿನಿಂದ ಏಳು ಪುಸ್ತಕ ಕಿತ್ತು ಎಸೆದ.’ 1534ರಲ್ಲಿ ಅಚ್ಚಾದ ಲೂಥರ್ ಅವರ ಪೂರ್ಣ ಜರ್ಮನ್ ಬೈಬಲಿನಲ್ಲಿ ಆ ಪುಸ್ತಕಗಳು, ಅಂದರೆ ಕಥೋಲಿಕರ ಹಳೆಯ ಒಡಂಬಡಿಕೆಯಲ್ಲಿದ್ದು ಇಂದಿನ ಪ್ರೊಟೆಸ್ಟಂಟರದರಲ್ಲಿ ಇಲ್ಲದವು, ಇದ್ದವು. ಹಳೆಯ ಒಡಂಬಡಿಕೆ ಮುಗಿದ ಮೇಲೆ ಅವನ್ನು ಬೇರೆಯಾಗಿ ಇಟ್ಟು, ಪವಿತ್ರ ಗ್ರಂಥಕ್ಕೆ ಸಮವಲ್ಲ, ಆದರೆ ಓದಲು ಒಳ್ಳೆಯವು, ಉಪಯುಕ್ತವಾದವು ಎಂಬ ಟಿಪ್ಪಣಿ ಹಾಕಲಾಗಿತ್ತು. ಅದಕ್ಕೆ ಉತ್ತರವಾಗಿ ಬರುವ ‘ಕಥೋಲಿಕರು 1546ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಹೊಸದಾಗಿ ಏಳು ಪುಸ್ತಕ ಸೇರಿಸಿದರು’ ಎಂಬ ಮಾತೂ ನಿಲ್ಲುವುದಿಲ್ಲ. 397ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆಯ ಪಟ್ಟಿಯಲ್ಲಿ ಅವು ಆಗಲೇ ಇವೆ. ಆ ಪುಸ್ತಕಗಳಿಗೆ ಎಷ್ಟು ಅಧಿಕಾರ ಎಂಬ ನಿಜವಾದ ಭಿನ್ನಾಭಿಪ್ರಾಯ ಇದ್ದೇ ಇದೆ. ಆದರೆ ಸುಳ್ಳು ಸಂಗತಿಯ ಮೇಲೆ ನಿಂತು ಆ ಪ್ರಶ್ನೆಯನ್ನು ಎತ್ತಿದರೆ, ಎದುರಿನವರು ಸಂಗತಿಯ ತಪ್ಪನ್ನು ಹಿಡಿದು ತೋರಿಸಿ ಎದ್ದು ಹೋಗುತ್ತಾರೆ. ಪ್ರಶ್ನೆ ಮಾತ್ರ ಅಲ್ಲೇ ಉಳಿಯುತ್ತದೆ.

ಇದರ ಬೆಲೆ ಎಷ್ಟೆಂದು ತಿಳಿಯಬೇಕಾದರೆ 1054ನೇ ಇಸವಿಯನ್ನು ನೋಡಿ. ಜುಲೈ 16ರಂದು, ಪೋಪರ ದೂತರಾಗಿ ಬಂದಿದ್ದ ಕಾರ್ಡಿನಲ್ ಹಂಬರ್ಟ್ ಕಾನ್‌ಸ್ಟಾಂಟಿನೋಪಲಿನ ಹಾಗಿಯಾ ಸೋಫಿಯಾ ದೇವಾಲಯದ ಬಲಿಪೀಠದ ಮೇಲೆ ಬಹಿಷ್ಕಾರದ ಪತ್ರ ಇಟ್ಟು ಹೊರಟುಹೋದರು. ಪವಿತ್ರಾತ್ಮನು ತಂದೆಯಿಂದ ‘ಮತ್ತು ಮಗನಿಂದ’ ಹೊರಡುತ್ತಾನೆ ಎಂಬ ಮಾತನ್ನು ಗ್ರೀಕರು ವಿಶ್ವಾಸ ಪ್ರಮಾಣದಿಂದ ಅಳಿಸಿದ್ದಾರೆ ಎಂಬುದು ಅದರಲ್ಲಿದ್ದ ಆರೋಪಗಳಲ್ಲೊಂದು. ನಡೆದದ್ದು ತಿರುಗಾಮುರುಗ: ಆ ಮಾತು ಮೂಲ ಪ್ರಮಾಣದಲ್ಲಿ ಇರಲಿಲ್ಲ, ಅದನ್ನು ಸೇರಿಸಿಕೊಂಡವರು ಲ್ಯಾಟಿನ್ ಸಭೆಯವರು. ಇನ್ನೊಂದು ಸಂಗತಿಯನ್ನೂ ಗಮನಿಸಿ. ಹಂಬರ್ಟ್ ಅವರನ್ನು ಕಳುಹಿಸಿದ್ದ ಪೋಪ್ ಒಂಬತ್ತನೇ ಲಿಯೋ ಆ ವರ್ಷದ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು. ಸಂಗತಿಯೂ ತಪ್ಪು, ಅಧಿಕಾರವೂ ಅನುಮಾನಾಸ್ಪದ, ಮೇಲೆ ಎಲ್ಲರೂ ನೋಡುವಂತೆ ಬಲಿಪೀಠದ ಮೇಲೆ ಇಟ್ಟದ್ದು. ಪೂರ್ವದ ಗ್ರೀಕ್ ಸಭೆಯವರೂ ತಿರುಗಿ ಬಹಿಷ್ಕಾರ ಹಾಕಿದರು. ಆರನೇ ಪೌಲ್ ಪೋಪರೂ ಕಾನ್‌ಸ್ಟಾಂಟಿನೋಪಲಿನ ಪಿತೃಶ್ರೇಷ್ಠ ಅಥೆನಾಗೊರಾಸರೂ ಸೇರಿ ಆ ಎರಡೂ ಬಹಿಷ್ಕಾರಗಳಿಗೆ ವಿಷಾದ ಸೂಚಿಸಿ, ಅವನ್ನು ಸಭೆಯ ನೆನಪಿನಿಂದಲೇ ತೆಗೆದುಹಾಕುವುದಾಗಿ ಸಾರಿದ್ದು 1965ರ ಡಿಸೆಂಬರ್ 7ರಂದು. ಇಬ್ಬರ ನಡುವಿನ ಬಿರುಕಿಗೆ ಬೇರೆ ಕಾರಣಗಳೂ ಬಹಳ ಇದ್ದವು, ಅದನ್ನೆಲ್ಲ ಒಂದು ಪತ್ರದ ತಲೆಗೆ ಕಟ್ಟಲಾಗದು. ಆದರೆ ಹಾಗೆ ಬರೆದ ಪತ್ರದಿಂದ ಯಾರೂ ತಿದ್ದಿಕೊಳ್ಳಲಿಲ್ಲ ಎಂಬುದಂತೂ ಸತ್ಯ.

ಈಗ ಯೆಹೋಶುವನ ಪುಸ್ತಕದ 22ನೇ ಅಧ್ಯಾಯಕ್ಕೆ ಬನ್ನಿ. ಈ ಅಧ್ಯಾಯದ ಮೇಲೆ ಪ್ರಸಂಗ ಕೇಳಿದವರು ಕಡಿಮೆ. ನನ್ನ ಮಟ್ಟಿಗೆ ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ ಭಾಗ ಬೈಬಲಿನಲ್ಲಿ ಇಲ್ಲ. ರೂಬೇನ್ ಮತ್ತು ಗಾದ್ ಕುಲದವರು, ಮನಸ್ಸೆಯ ಅರ್ಧ ಕುಲದವರು ಯೊರ್ದನ್ ಹೊಳೆಯ ಬಳಿ ಒಂದು ದೊಡ್ಡ ಯಜ್ಞವೇದಿ ಕಟ್ಟುತ್ತಾರೆ. ಸುದ್ದಿ ಹೊಳೆಯ ಈಚೆ ನೆಲೆಸಿದ ಉಳಿದ ಇಸ್ರಾಯೇಲ್ಯರಿಗೆ ಮುಟ್ಟುತ್ತದೆ. ಕರ್ತನ ವೇದಿ ಒಂದೇ ಇರಬೇಕಾಗಿದ್ದರಿಂದ ಅವರಿಗೆ ಇದು ದಂಗೆಯಾಗಿ ಕಾಣುತ್ತದೆ. ಅವರು ಶೀಲೋವಿನಲ್ಲಿ ಯುದ್ಧಕ್ಕೆ ಸೇರುತ್ತಾರೆ. ಆದರೆ ಹೊರಡುವ ಮುಂಚೆ ಯಾಜಕನ ಮಗ ಫೀನೆಹಾಸನನ್ನೂ ಹತ್ತು ಮಂದಿ ಮುಖಂಡರನ್ನೂ ಕಳುಹಿಸುತ್ತಾರೆ. ಹೋದವರ ಮಾತು ಮೃದುವಾಗಿಯೇನೂ ಇಲ್ಲ. ದ್ರೋಹ ಎಂದೇ ಆರಂಭಿಸಿ ಪೆಗೋರಿನಲ್ಲಿ ಅನ್ಯದೇವರ ಕಡೆ ತಿರುಗಿದ ಪಾಪವನ್ನೂ, ದೇವರಿಗೆ ಮೀಸಲಾದದ್ದನ್ನು ಕದ್ದ ಆಕಾನನ ಪಾಪವನ್ನೂ ನೆನಪಿಸುತ್ತಾರೆ. ಆದರೂ 19ನೇ ವಚನದಲ್ಲಿ ಒಂದು ಮಾತು ಸೇರಿಸುತ್ತಾರೆ: ನಿಮ್ಮ ನಾಡು ಅಶುದ್ಧ ಎಂದು ತೋರಿದರೆ ಹೊಳೆ ದಾಟಿ ಬನ್ನಿ, ನಮ್ಮ ನಡುವೆ ಸ್ವಾಸ್ತ್ಯ ತೆಗೆದುಕೊಳ್ಳಿ. ತಿದ್ದಲು ಹೋದವರು ತಮ್ಮ ನೆಲ ಬಿಟ್ಟುಕೊಡಲು ಸಿದ್ಧರಾಗಿ ಹೋಗಿದ್ದರು. ಬೇರೆಯವರ ತಪ್ಪು ತೋರಿಸುವಾಗ ನಾವು ಏನನ್ನು ಬಿಟ್ಟುಕೊಡಲು ಸಿದ್ಧರಿದ್ದೇವೆ?

ಆಮೇಲೆ ಆ ಕಡೆಯವರ ಉತ್ತರ. ಈ ವೇದಿ ಬಲಿಗಾಗಿ ಅಲ್ಲ, ಸಾಕ್ಷಿಗಾಗಿ. ನಾಳೆ ನಿಮ್ಮ ಮಕ್ಕಳು ನಮ್ಮ ಮಕ್ಕಳಿಗೆ ‘ಕರ್ತನಲ್ಲಿ ನಿಮಗೆ ಪಾಲಿಲ್ಲ’ ಎಂದಾರು ಎಂಬ ಭಯದಿಂದ ಕಟ್ಟಿದೆವು ಎನ್ನುತ್ತಾರೆ. ಒಂದು ಕಡೆಯವರ ಕಣ್ಣಿಗೆ ದಂಗೆಯಾಗಿ ಕಂಡದ್ದು, ಇನ್ನೊಂದು ಕಡೆಯವರ ಮನಸ್ಸಿನಲ್ಲಿ ಕಳಚಿಹೋಗಬಾರದು ಎಂಬ ಹಂಬಲವಾಗಿತ್ತು. ಫೀನೆಹಾಸನಿಗೆ ಉತ್ತರ ಮೆಚ್ಚಿಗೆಯಾಯಿತು. ಅವನು ಹಿಂದಿರುಗಿ ಬಂದು ಕಳುಹಿಸಿದವರಿಗೂ ವರದಿ ಒಪ್ಪಿಸಿದ. ಈ ಕೊನೆಯ ಕೆಲಸವನ್ನು ನಾವು ಮರೆಯುತ್ತೇವೆ. ಬೇರೆ ಸಭೆಯವರ ಬಳಿ ಹೋಗಿ, ವಿಷಯ ಅರ್ಥವಾಗಿ ಸಮಾಧಾನವಾದ ಮೇಲೂ, ನಮ್ಮವರ ನಡುವೆ ಹಳೆಯ ಸುದ್ದಿ ಹಾಗೇ ಓಡಾಡಲು ಬಿಡುತ್ತೇವೆ.

ಕೇಳುವುದು ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹಲವು ಸಭೆಗಳವರು ಸೇರುವ ಪ್ರಾರ್ಥನಾ ಕೂಟ. ಒಬ್ಬರು ಜಪಸರ ತೆಗೆದರು. ಪಕ್ಕದವರಿಗೆ ಇರುಸುಮುರುಸು. ‘ನೀವು ಮರಿಯಮ್ಮನನ್ನು ಪೂಜಿಸುವುದು ತಪ್ಪು’ ಎಂದು ಶುರು ಮಾಡಿದರೆ ಉತ್ತರ ಸಿದ್ಧವಾಗಿರುತ್ತದೆ: ‘ನಾವು ಪೂಜಿಸುವುದಿಲ್ಲ.’ ಅಲ್ಲಿಗೆ ಮುಗಿಯಿತು. ಅದರ ಬದಲು ‘ಈ ಪ್ರಾರ್ಥನೆಯಲ್ಲಿ ನೀವು ಮರಿಯಮ್ಮನವರಲ್ಲಿ ಏನು ಬೇಡುತ್ತೀರಿ, ದೇವರಲ್ಲಿ ಏನು ಬೇಡುತ್ತೀರಿ?’ ಎಂದು ಕೇಳಿ. ಪಾಪಿಗಳಾದ ನಮಗಾಗಿ ಪ್ರಾರ್ಥಿಸಿ ಎಂದು ಬೇಡುತ್ತೇವೆ ಎಂಬ ಉತ್ತರ ಬರುತ್ತದೆ. ದೇವರೊಬ್ಬನಿಗೇ ಸಲ್ಲುವ ಆರಾಧನೆ ಬೇರೆ, ಸಂತರಿಗೂ ಅವರ ಪ್ರತಿಮೆಗಳಿಗೂ ತೋರುವ ಗೌರವ ಬೇರೆ ಎಂದು 787ರ ಎರಡನೆಯ ನೈಸಿಯಾ ಮಹಾಸಭೆ ಗೆರೆ ಎಳೆದದ್ದನ್ನೂ ಅವರು ಹೇಳಬಹುದು. ಈಗ ನಿಮ್ಮ ಕೈಯಲ್ಲಿ ಎರಡು ನಿಜವಾದ ಪ್ರಶ್ನೆಗಳಿವೆ. ತೀರಿಹೋದ ಭಕ್ತರಲ್ಲಿ ಪ್ರಾರ್ಥನೆ ಕೋರುವುದಕ್ಕೆ ಆಧಾರವೇನು? ನಡೆಯುತ್ತಿರುವ ಆಚರಣೆ ಆ ಗೆರೆಯೊಳಗೆ ಇದೆಯೇ? ಎರಡನೆಯ ಪ್ರಶ್ನೆ ಅವರದೇ ಬೋಧನೆಯ ಮೇಲೆ ನಿಂತಿರುವುದರಿಂದ ಅದನ್ನು ಅವರು ತಳ್ಳಿಹಾಕಲಾರರು. ಎಷ್ಟೋ ಕಥೋಲಿಕರೂ ಅದನ್ನು ತಮ್ಮೊಳಗೇ ಕೇಳಿಕೊಳ್ಳುತ್ತಾರೆ.

ಆಧಾರದ ಮಾತು ಬಂದದ್ದರಿಂದ ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟಂಟರದರಲ್ಲಿ 66. ಸತ್ತವರಿಗಾಗಿ ಪ್ರಾರ್ಥಿಸುವುದನ್ನು ಸಮರ್ಥಿಸಲು ಮಕ್ಕಬಿಯರ ಎರಡನೆಯ ಪುಸ್ತಕದ 12ನೇ ಅಧ್ಯಾಯವನ್ನು ಪ್ರೊಟೆಸ್ಟಂಟರ ಮುಂದೆ ಇಟ್ಟರೆ ಅವರಿಗೆ ಅದು ಪ್ರಮಾಣವಲ್ಲ. ‘ಬೈಬಲಿನಲ್ಲಿ ಎಲ್ಲಿದೆ ತೋರಿಸಿ’ ಎಂದು ಆರ್ಥೊಡಾಕ್ಸ್ ಸಹೋದರನನ್ನು ಕೇಳಿದರೆ, ಪರಂಪರೆಯನ್ನೂ ಅಧಿಕಾರವೆಂದು ಒಪ್ಪಿದವನಿಗೆ ಆ ಪ್ರಶ್ನೆಯೇ ಅರ್ಧ. ಆದ್ದರಿಂದ ಇಬ್ಬರೂ ಒಪ್ಪುವ ಪುಸ್ತಕದಿಂದ ಶುರು ಮಾಡಿ. ಅವರ ಬೋಧನೆ ಏನೆಂದು ಹೇಳಬೇಕಾದಾಗ ಅವರ ವಿರೋಧಿಗಳ ಕರಪತ್ರ ಬೇಡ. ಅವರದೇ ಉಪದೇಶ ಗ್ರಂಥವನ್ನೋ ವಿಶ್ವಾಸ ಪ್ರಮಾಣವನ್ನೋ ತೆಗೆದು ಓದಿ. ನಮ್ಮ ಬೋಧನೆಯನ್ನು ಅವರ ಬೋಧನೆಯ ಪಕ್ಕಕ್ಕೂ, ನಮ್ಮ ಜನರ ನಡತೆಯನ್ನು ಅವರ ಜನರ ನಡತೆಯ ಪಕ್ಕಕ್ಕೂ ಇಡಬೇಕು. ನಮ್ಮ ಪುಸ್ತಕದಲ್ಲಿರುವ ಆದರ್ಶವನ್ನು ಅವರ ಬೀದಿಯಲ್ಲಿ ಕಂಡದ್ದರ ಜೊತೆ ಹೋಲಿಸಿದರೆ ಎಂದಿಗೂ ನಾವೇ ಗೆಲ್ಲುತ್ತೇವೆ, ಮತ್ತು ಆ ಗೆಲುವು ಪ್ರಾಮಾಣಿಕವಲ್ಲ.

ನಿಜವಾಗಿ ಕುಳಿತು ಮಾತಾಡುವ ಹೊತ್ತಿಗೆ ಒಂದು ಕ್ರಮ ಇಟ್ಟುಕೊಳ್ಳಿ. ಮುಂಚೆಯೇ ತಿಳಿಸಿ: ‘ದೀಕ್ಷಾಸ್ನಾನದ ಬಗ್ಗೆ ನಿಮ್ಮ ಜೊತೆ ಮಾತಾಡಬೇಕು, ನಿಮಗೆ ಯಾವಾಗ ಅನುಕೂಲ?’ ಆರಾಧನೆ ಮುಗಿದು ಜನ ಹೊರಬರುತ್ತಿರುವಾಗ ಬಾಗಿಲಲ್ಲಿ ಹಿಡಿದು ನಿಲ್ಲಿಸಬೇಡಿ. ಸಾವಿನ ಮನೆಯಲ್ಲಿ, ಮದುವೆ ಮನೆಯಲ್ಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಸಿದ್ಧಾಂತದ ಮಾತು ಎತ್ತಲೇಬೇಡಿ. ಒಂದು ಸಲಕ್ಕೆ ಒಂದೇ ವಿಷಯ, ಒಂದು ಗಂಟೆ ಸಾಕು. ಮೊದಲರ್ಧ ಅವರು ಹೇಳಲಿ. ಆಮೇಲೆ ನೀವು ಅವರ ನಿಲುವನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ‘ಸರಿಯಾಗಿ ಹೇಳಿದೆನೇ?’ ಎಂದು ಕೇಳಿ. ಅವರು ‘ಹೌದು, ನಾವು ನಂಬುವುದು ಇದೇ’ ಎನ್ನುವವರೆಗೆ ನಿಮ್ಮ ಆಕ್ಷೇಪ ಹೊರಗೆ ಬರಬಾರದು. ಮೊದಲ ಸಲಕ್ಕೆ ಹೌದು ಸಿಗುವುದು ಅಪರೂಪ, ಎರಡು ಮೂರು ಸಲ ತಿದ್ದಿಕೊಳ್ಳಬೇಕಾಗುತ್ತದೆ. ಹಾಗೆ ತಿದ್ದಿಕೊಳ್ಳುತ್ತಿರುವಾಗಲೇ ಅರ್ಧ ಜಗಳ ಕರಗಿರುತ್ತದೆ. ‘ಕೇಳುವದಕ್ಕೆ ಮುಂಚೆ ಉತ್ತರಕೊಡುವುದು ಮೂಢತನ’ ಎಂಬ ಅರ್ಥದ ಮಾತು ಜ್ಞಾನೋಕ್ತಿ 18:13ರಲ್ಲಿದೆ. ಅದನ್ನು ಅಕ್ಷರಶಃ ಪಾಲಿಸುವ ಬಗೆ ಇದು.

ಖಾಸಗಿಯಾಗಿ ಹೇಳಬೇಕೋ, ಎಲ್ಲರ ಮುಂದೆ ಹೇಳಬೇಕೋ ಎಂಬುದು ಮುಂದಿನ ಪ್ರಶ್ನೆ. ಅಪೊಸ್ತಲರ ಕೃತ್ಯಗಳು 18ರಲ್ಲಿ ಅಪೊಲ್ಲೋಸ ಎಫೆಸದ ಸಭಾಮಂದಿರದಲ್ಲಿ ಉತ್ಸಾಹದಿಂದ ಬೋಧಿಸುತ್ತಿದ್ದಾನೆ. ಆದರೆ ಅವನಿಗೆ ಗೊತ್ತಿರುವುದು ಯೋಹಾನನ ದೀಕ್ಷಾಸ್ನಾನ ಮಾತ್ರ. ಪ್ರಿಸ್ಕಿಲ್ಲ, ಅಕ್ವಿಲ ಅಲ್ಲಿ ಕುಳಿತು ಪೂರ್ತಿ ಕೇಳಿದರು. ಆಮೇಲೆ ಅವನನ್ನು ತಮ್ಮ ಬಳಿಗೆ ಕರೆದು ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಮುಂದಿನ ವಚನದಲ್ಲಿ ಸಹೋದರರು ಅವನಿಗೆ ಶಿಫಾರಸು ಪತ್ರ ಬರೆದುಕೊಟ್ಟಿದ್ದಾರೆ. ತಿದ್ದಿಸಿಕೊಂಡವನ ಮಾನ ಕಳೆಯಲಿಲ್ಲ, ಅವನ ಸೇವೆ ದೊಡ್ಡದಾಯಿತು. ಗಲಾತ್ಯ 2ರಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ. ಅಂತಿಯೋಕ್ಯದಲ್ಲಿ ಪೇತ್ರನನ್ನು ಪೌಲ ಎಲ್ಲರ ಎದುರಿಗೇ ಖಂಡಿಸುತ್ತಾನೆ. ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ, ಪಂಕ್ತಿಯಿಂದ ಎದ್ದು ಹೋದದ್ದು ಎಲ್ಲರ ಕಣ್ಣೆದುರಿಗೆ. ಅದನ್ನು ನೋಡಿ ಉಳಿದ ಯೆಹೂದ್ಯರೂ, ಬಾರ್ನಬನೂ ಎದ್ದಿದ್ದರು. ಅಲ್ಲಿ ಕುಳಿತ ಅನ್ಯಜನರಿಗೆ ಆಗಲೇ ಗಾಯವಾಗಿತ್ತು. ಇಷ್ಟಾದರೂ ಪೌಲನ ವಾದ ಯಾವುದರ ಮೇಲೆ ನಿಂತಿದೆ ನೋಡಿ: ನೀನು ಯೆಹೂದ್ಯನಾಗಿದ್ದೂ ಅನ್ಯಜನರಂತೆ ನಡೆದವನು, ನಂಬಿಕೆಯಿಂದಲೇ ನೀತಿವಂತರಾಗುತ್ತೇವೆಂದು ನಾವಿಬ್ಬರೂ ಬಲ್ಲೆವು. ಪೇತ್ರ ಆಗಲೇ ಒಪ್ಪಿಕೊಂಡಿದ್ದ ಸತ್ಯಕ್ಕೇ ಅವನನ್ನು ಮರಳಿ ಕರೆದ. ಪೌಲನ ಧೈರ್ಯ ಬೇಕು ಎನ್ನುವವರು ಈ ಭಾಗವನ್ನೂ ಜೊತೆಗೆ ತೆಗೆದುಕೊಳ್ಳಲಿ.

ಖಾಸಗಿ ಮಾತು ಬಹಿರಂಗವಾದರೆ ಏನಾಗುತ್ತದೆ? ಜಾನ್ ವೆಸ್ಲಿ ಮತ್ತು ಜಾರ್ಜ್ ವೈಟ್‌ಫೀಲ್ಡ್ ಇಬ್ಬರೂ 18ನೇ ಶತಮಾನದ ದೊಡ್ಡ ಸುವಾರ್ತಿಕರು, ಗೆಳೆಯರು. ದೇವರು ಕೆಲವರನ್ನು ಮೊದಲೇ ಆರಿಸಿಕೊಂಡಿದ್ದಾನೆಯೇ, ಕೃಪೆ ಎಲ್ಲರಿಗೂ ತೆರೆದಿದೆಯೇ ಎಂಬುದರಲ್ಲಿ ಇಬ್ಬರಿಗೂ ತೀವ್ರ ಭಿನ್ನಾಭಿಪ್ರಾಯ. ವೈಟ್‌ಫೀಲ್ಡ್ ವೆಸ್ಲಿಗೆ ಬರೆದಿದ್ದ ಖಾಸಗಿ ಪತ್ರವೊಂದನ್ನು ಯಾರೋ ಇಬ್ಬರ ಅನುಮತಿಯೂ ಇಲ್ಲದೆ ಅಚ್ಚು ಹಾಕಿಸಿ, 1741ರ ಫೆಬ್ರವರಿ 1ರಂದು ಲಂಡನಿನಲ್ಲಿ ವೆಸ್ಲಿಯ ಸಭೆಯವರಿಗೇ ಹಂಚಿದರು. ವೆಸ್ಲಿ ಒಂದು ಪ್ರತಿ ಹಿಡಿದುಕೊಂಡು, ವೈಟ್‌ಫೀಲ್ಡ್ ಇಲ್ಲಿದ್ದರೆ ಏನು ಮಾಡುತ್ತಿದ್ದರೋ ನಾನೂ ಅದನ್ನೇ ಮಾಡುತ್ತೇನೆ ಎಂದು ಎಲ್ಲರ ಮುಂದೆ ಹರಿದುಹಾಕಿದರು. ನೆರೆದವರೂ ತಮ್ಮ ಕೈಯಲ್ಲಿದ್ದುದನ್ನು ಹರಿದರು. ಭಿನ್ನಾಭಿಪ್ರಾಯ ಹಾಗೆಯೇ ಉಳಿಯಿತು, ಅವರ ಚಳವಳಿ ಎರಡು ದಾರಿ ಹಿಡಿಯಿತು. ಆದರೂ 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನಿನಲ್ಲಿ ಅವರ ಸ್ಮರಣೆಯ ಪ್ರಸಂಗ ಮಾಡಿದವರು ವೆಸ್ಲಿ. ಇಂದು ಆ ಅಚ್ಚಿನ ಕೆಲಸವನ್ನು ಫೋನಿನ ಒಂದು ಸ್ಕ್ರೀನ್‌ಶಾಟ್ ಮಾಡುತ್ತದೆ. ಬೇರೆ ಸಭೆಯವರು ನಂಬಿ ಬರೆದ ಸಂದೇಶವನ್ನು ‘ನೋಡಿ ಇವರು ಏನನ್ನುತ್ತಾರೆ’ ಎಂದು ನಮ್ಮ ಗುಂಪಿಗೆ ಹಾಕಿದರೆ, ಆಮೇಲೆ ಯಾವ ತಿದ್ದುಪಡಿಗೂ ಜಾಗ ಉಳಿಯುವುದಿಲ್ಲ. ಅಂಥದ್ದು ನಿಮ್ಮ ಫೋನಿಗೆ ಬಂದರೆ ಮುಂದೆ ಕಳುಹಿಸಬೇಡಿ, ಅಳಿಸಿಬಿಡಿ. ಕಳುಹಿಸಿದವರಿಗೂ ಹಾಗೆ ಮಾಡಿ ಎಂದು ಹೇಳಿ.

ಆಚರಣೆಯ ಭೇದಗಳಿಗೆ ರೋಮಾಪುರ 14 ಇದೆ. ಅಲ್ಲಿ ಪೌಲ ಎರಡು ಬೇರೆ ಬೇರೆ ರೋಗಗಳನ್ನು ಹೆಸರಿಸುತ್ತಾನೆ. ಎಲ್ಲವನ್ನೂ ತಿನ್ನುವವನು ತಿನ್ನದವನನ್ನು ಹೀನವಾಗಿ ಕಾಣುತ್ತಾನೆ. ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡುತ್ತಾನೆ. ನಿಮ್ಮದು ಯಾವ ರೋಗ ಎಂದು ನೀವೇ ನೋಡಿಕೊಳ್ಳಿ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಉಪವಾಸ ಹಿಡಿಯುವವರನ್ನು ಕಂಡು ‘ಪಾಪ, ಇನ್ನೂ ನಿಯಮದಲ್ಲೇ ಇದ್ದಾರೆ’ ಎನ್ನುವವರಿಗೆ ಮೊದಲನೆಯದು. ಕೈಯೆತ್ತಿ ಜೋರಾಗಿ ಹಾಡುವವರನ್ನು ಕಂಡು ‘ಇದು ಆರಾಧನೆಯೇ ಅಲ್ಲ’ ಎನ್ನುವವರಿಗೆ ಎರಡನೆಯದು.

ಹಳೆಯ ಸಭೆ ಇದನ್ನು ಬಹಳ ಬೇಗ ಎದುರಿಸಿತು. ಸುಮಾರು 155ರಲ್ಲಿ ಸ್ಮುರ್ನದ ಬಿಷಪ್ ಪಾಲಿಕಾರ್ಪ್ ರೋಮಿಗೆ ಬಂದು ಅಲ್ಲಿನ ಬಿಷಪ್ ಅನಿಸೇಟಸರನ್ನು ಕಂಡರು. ಪಸ್ಕವನ್ನು, ಅಂದರೆ ಇಂದಿನ ಈಸ್ಟರ್ ಹಬ್ಬವನ್ನು, ಯಾವ ದಿನ ಆಚರಿಸಬೇಕೆಂಬುದು ವಿವಾದ. ಆಸ್ಯ ಸೀಮೆಯವರದು ಯೆಹೂದ್ಯರ ನಿಸಾನ್ ತಿಂಗಳ 14ನೇ ದಿನ, ರೋಮಿನವರದು ಭಾನುವಾರ. ಯಾರೂ ಯಾರನ್ನೂ ಒಪ್ಪಿಸಲಾಗಲಿಲ್ಲ. ಆದರೂ ಅನಿಸೇಟಸ್ ತಮ್ಮ ಸಭೆಯಲ್ಲಿ ಪ್ರಭುಭೋಜನ (ರೊಟ್ಟಿ ದ್ರಾಕ್ಷಾರಸದ ಸಂಸ್ಕಾರ) ನಡೆಸುವ ಗೌರವವನ್ನು ಪಾಲಿಕಾರ್ಪರಿಗೆ ಬಿಟ್ಟುಕೊಟ್ಟರು. ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು. ಸುಮಾರು 190ರ ಹೊತ್ತಿಗೆ ರೋಮಿನ ಬಿಷಪ್ ವಿಕ್ಟರ್ ಇದೇ ವಿಷಯಕ್ಕೆ ಆಸ್ಯದ ಸಭೆಗಳನ್ನೆಲ್ಲ ಹೊರಗೆ ಹಾಕಲು ಹೊರಟಾಗ ಲಿಯಾನ್‌ನ ಬಿಷಪ್ ಐರೇನಿಯಸ್ ಪತ್ರ ಬರೆದು ತಡೆಯಲು ನೋಡಿದರು. ಭಾನುವಾರದ ಆಚರಣೆಯಲ್ಲಿ ಐರೇನಿಯಸ್ ಇದ್ದದ್ದು ವಿಕ್ಟರ್ ಕಡೆಯೇ. ತಮ್ಮ ಪಕ್ಷದವರನ್ನೇ ತಿದ್ದಿದರು, ಅದೂ ವಿಕ್ಟರರ ಪೀಠದಲ್ಲೇ ಹಿಂದೆ ಕುಳಿತಿದ್ದ ಅನಿಸೇಟಸರ ನಡತೆಯನ್ನು ನೆನಪಿಸಿ. ನಮ್ಮವರು ಅತಿ ಮಾಡುತ್ತಿರುವಾಗ ತಡೆಯಬಲ್ಲವರು ನಾವು ಮಾತ್ರ.

ಪ್ರಭುಭೋಜನದ ಮಾತು ಬಂದಿತು. ಒಬ್ಬರ ಆರಾಧನೆಗೆ ಇನ್ನೊಬ್ಬರು ಹೋದಾಗ ಹೆಚ್ಚು ನೋವಾಗುವ ಜಾಗ ಅದೇ. ಕಥೋಲಿಕ ಮತ್ತು ಆರ್ಥೊಡಾಕ್ಸ್ ಸಭೆಗಳು ಸಾಮಾನ್ಯವಾಗಿ ತಮ್ಮ ಅನ್ಯೋನ್ಯತೆಯಲ್ಲಿ ಇಲ್ಲದವರಿಗೆ ಕೊಡುವುದಿಲ್ಲ; ಪ್ರೊಟೆಸ್ಟಂಟರಲ್ಲಿ ಅನೇಕ ಸಭೆಗಳು ದೀಕ್ಷಾಸ್ನಾನವಾದ ಎಲ್ಲರಿಗೂ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಇಲ್ಲ ಎಂದರೆ ಕುಳಿತಲ್ಲೇ ಪ್ರಾರ್ಥಿಸಿ. ಸಾಲಿನಲ್ಲಿ ನಿಂತು ಸದ್ದಿಲ್ಲದೆ ಪಡೆದುಕೊಳ್ಳುವುದೂ, ಎಲ್ಲರಿಗೆ ಕಾಣುವಂತೆ ಎದ್ದು ಹೋಗುವುದೂ ಬೇಡ. ನೋವಾದರೆ ಆಮೇಲೆ ಫಾದರ್ ಬಳಿಯೋ ಸಭಾಪಾಲಕರ ಬಳಿಯೋ ನೋವಾಯಿತು ಎಂದೇ ಹೇಳಿ. ಎಷ್ಟೋ ಜನ ಫಾದರುಗಳಿಗೂ ಪಾಸ್ಟರುಗಳಿಗೂ ಆ ನೋವು ಇದೆ.

ದೀಕ್ಷಾಸ್ನಾನವನ್ನು ಶಿಶುವಿಗೇ ಕೊಡಬೇಕೋ, ಬೆಳೆದು ನಂಬಿದ ಮೇಲೆ ಕೊಡಬೇಕೋ ಎಂಬುದರಲ್ಲಿ ಮನೆಗಳೇ ಒಡೆಯುತ್ತವೆ. ಗಂಡ ಒಂದು ಸಂಪ್ರದಾಯ, ಹೆಂಡತಿ ಇನ್ನೊಂದು, ತೊಟ್ಟಿಲಲ್ಲಿ ಮಗು. ಇಲ್ಲಿ ನಡೆಯುವ ಅತಿ ಕೆಟ್ಟ ತಪ್ಪು ಗುಟ್ಟಾಗಿ ಮಾಡಿಬಿಡುವುದು. ಅಜ್ಜಿಯೊಬ್ಬರು ತಂದೆತಾಯಿಗೆ ತಿಳಿಸದೆ ಮಗುವಿಗೆ ದೀಕ್ಷಾಸ್ನಾನ ಮಾಡಿಸುತ್ತಾರೆ; ಇಲ್ಲವೇ ಶಿಶುವಾಗಿದ್ದಾಗಲೇ ಸ್ನಾನವಾದ ಹುಡುಗಿಯನ್ನು ಬೇರೆ ಸಭೆಯವರು ಮನೆಗೆ ತಿಳಿಸದೆ ಹೊಳೆಗೆ ಇಳಿಸುತ್ತಾರೆ. ಕಥೋಲಿಕ ಕಾನೂನು ಕೂಡ ಪ್ರಾಣಾಪಾಯದ ಹೊತ್ತು ಬಿಟ್ಟರೆ ತಂದೆತಾಯಿಯಲ್ಲಿ ಒಬ್ಬರಾದರೂ ಒಪ್ಪಿರಬೇಕು ಎನ್ನುತ್ತದೆ. ಮದುವೆಗೆ ಮುಂಚೆಯೇ ಎರಡೂ ಕಡೆಯ ಬೋಧಕರನ್ನು ಒಟ್ಟಿಗೆ ಕೂರಿಸಿ ಮೂರು ಪ್ರಶ್ನೆ ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ: ಮಗುವಿನ ಸ್ನಾನ ಯಾವಾಗ ಮತ್ತು ಎಲ್ಲಿ, ಭಾನುವಾರ ಯಾವ ಆರಾಧನೆ, ಮಗುವಿಗೆ ಉಪದೇಶ ಯಾರಿಂದ. ಒಪ್ಪಂದ ಆಗದೇ ಹೋಗಬಹುದು. ಆದರೂ ಗೊತ್ತಿದ್ದು ಕಾಲಿಡುವುದು ಒಳ್ಳೆಯದು.

ಇನ್ನು ಬೋಧನೆಯ ಭೇದ. ಕೆಲವು ನಮ್ಮ ಜೀವಮಾನದಲ್ಲಿ ಬಗೆಹರಿಯುವುದಿಲ್ಲ. 1529ರ ಅಕ್ಟೋಬರಿನಲ್ಲಿ ಜರ್ಮನಿಯ ಹೆಸ್ಸೆ ಪ್ರಾಂತ್ಯದ ದೊರೆ ಫಿಲಿಪ್, ಲೂಥರ್ ಮತ್ತು ಸ್ವಿಸ್ ಸುಧಾರಕ ಸ್ವಿಂಗ್ಲಿ ಇಬ್ಬರನ್ನೂ ಮಾರ್ಬರ್ಗಿನ ಕೋಟೆಗೆ ಕರೆಸಿದರು. ವ್ಯವಸ್ಥೆ ಎಷ್ಟು ಜಾಣತನದ್ದು ನೋಡಿ: ಮೊದಲ ದಿನ ಉಗ್ರ ಸ್ವಭಾವದ ಇಬ್ಬರನ್ನು ಎದುರುಬದುರು ಕೂರಿಸಲಿಲ್ಲ. ಲೂಥರ್ ಜೊತೆಗೆ ಸ್ವಿಂಗ್ಲಿ ಕಡೆಯ ಸೌಮ್ಯರಾದ ಎಕೊಲಂಪಾಡಿಯಸ್, ಸ್ವಿಂಗ್ಲಿ ಜೊತೆಗೆ ಲೂಥರ್ ಕಡೆಯ ಮೆಲಾಂಕ್ತನ್. ಕೊನೆಗೆ 15 ಕಲಮುಗಳ ಪತ್ರ ತಯಾರಾಯಿತು. 14ರಲ್ಲಿ ಒಪ್ಪಿಗೆ. 15ನೆಯದು ಪ್ರಭುಭೋಜನ; ಅದರಲ್ಲೂ ಹಲವು ಅಂಶಗಳಿಗೆ ಒಪ್ಪಿ, ಕ್ರಿಸ್ತನ ದೇಹ ಮತ್ತು ರಕ್ತ ರೊಟ್ಟಿ ದ್ರಾಕ್ಷಾರಸದಲ್ಲಿ ದೈಹಿಕವಾಗಿ ಇವೆಯೇ ಎಂಬ ಒಂದರಲ್ಲಿ ಒಪ್ಪಲಾಗಲಿಲ್ಲ ಎಂದು ಬರೆದು, ಮನಸ್ಸಾಕ್ಷಿ ಬಿಡುವಷ್ಟು ಒಬ್ಬರಿಗೊಬ್ಬರು ಪ್ರೀತಿ ತೋರಿಸೋಣ ಎಂದು ಸೇರಿಸಿದರು. ಹತ್ತು ಮಂದಿ ಸಹಿ ಹಾಕಿದರು. ಆ ಮಾತುಕತೆ ಸೋತಿತು ಎಂದು ಚರಿತ್ರೆಯಲ್ಲಿ ಓದುತ್ತೇವೆ. ಆ ಕಾಗದ ಸೋಲಿನ ಕಾಗದ ಎಂದು ನನಗೆ ಅನ್ನಿಸುವುದಿಲ್ಲ. ಎಲ್ಲಿ ಒಪ್ಪಿದ್ದೇವೆ, ಎಲ್ಲಿ ಇಲ್ಲ ಎಂಬುದು ಇಷ್ಟು ನಿಖರವಾಗಿ ಗೊತ್ತಾದ ಮೇಲೆ ಮುಂದಿನ ಪೀಳಿಗೆಗಳಿಗೆ ಕೆಲಸ ಎಲ್ಲಿಂದ ಎತ್ತಿಕೊಳ್ಳಬೇಕೆಂದು ತಿಳಿಯುತ್ತದೆ. 1973ರ ಲಾಯನ್‌ಬರ್ಗ್ ಒಪ್ಪಂದದಲ್ಲಿ ಯೂರೋಪಿನ ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳು ಪ್ರಭುಭೋಜನದಲ್ಲೂ ಬೋಧಪೀಠದಲ್ಲೂ ಒಂದಾದವು. 444 ವರ್ಷ ಹಿಡಿಯಿತು.

1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಸಹಿ ಹಾಕಿದ, ನೀತೀಕರಣದ (ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಹೇಗೆ ಎಂಬುದರ) ಕುರಿತ ಜಂಟಿ ಘೋಷಣೆಯನ್ನು ತೆರೆದು ನೋಡಿದರೆ ಇನ್ನೊಂದು ಉಪಾಯ ಸಿಗುತ್ತದೆ. ಅದರಲ್ಲಿ ಏಳು ವಿಷಯ. ಪ್ರತಿಯೊಂದರಲ್ಲೂ ‘ನಾವು ಒಟ್ಟಾಗಿ ಒಪ್ಪಿಕೊಳ್ಳುತ್ತೇವೆ’ ಎಂಬ ಪ್ಯಾರಾ ಮೊದಲು. ಆಮೇಲೆ ಲೂಥರನ್ನರ ಒತ್ತು ಎಲ್ಲಿದೆ, ಕಥೋಲಿಕರ ಒತ್ತು ಎಲ್ಲಿದೆ ಎಂಬ ಬೇರೆ ಬೇರೆ ಪ್ಯಾರಾ. ಇದನ್ನು ನೀವಿಬ್ಬರೂ ಒಂದು ಹಾಳೆಯಲ್ಲಿ ಮಾಡಬಹುದು. ಮೂರು ಪ್ಯಾರಾ. ಮೊದಲನೆಯದನ್ನು ಇಬ್ಬರೂ ಸೇರಿ ಬರೆಯಿರಿ, ಉಳಿದೆರಡನ್ನು ಅವರವರು. ಮೊದಲ ಪ್ಯಾರಾ ಒಂದೇ ಸಾಲಿಗೆ ನಿಂತರೂ ಚಿಂತೆಯಿಲ್ಲ. ಒಪ್ಪಿಗೆ ಇಲ್ಲದ ಕಡೆ ಒಪ್ಪಿಗೆ ಇದೆಯೆಂದು ಬರೆಯುವುದು ಮಾತ್ರ ಬೇಡ. ‘ಎಲ್ಲವೂ ಒಂದೇ ಬಿಡಿ’ ಎಂಬ ಸೌಜನ್ಯದಿಂದ ಯಾರ ವಿಶ್ವಾಸಕ್ಕೂ ಗೌರವ ಸಿಗುವುದಿಲ್ಲ.

ಇಷ್ಟೆಲ್ಲ ತಾಳ್ಮೆಯ ಮಾತು ಹೇಳಿದ ಮೇಲೆ, ಯಾವುದಕ್ಕೆ ಇದು ಅನ್ವಯಿಸುವುದಿಲ್ಲ ಎಂದು ಖಚಿತವಾಗಿ ಹೇಳಲೇಬೇಕು. ಬೋಧಕನೊಬ್ಬ ಮಗುವನ್ನು ಮುಟ್ಟಬಾರದಂತೆ ಮುಟ್ಟಿದರೆ, ವಿಧವೆಯ ಉಳಿತಾಯವನ್ನು ಕಾಣಿಕೆ ಎಂದು ಕಸಿದರೆ, ರೋಗಿಗೆ ಔಷಧ ನಿಲ್ಲಿಸು, ಇಲ್ಲವಾದರೆ ನಿನ್ನ ನಂಬಿಕೆ ಸುಳ್ಳು ಎಂದರೆ, ಅದು ಸಂಪ್ರದಾಯಭೇದವಲ್ಲ. ‘ಬೇರೆ ಸಭೆಯ ವಿಷಯ, ನಮಗೇಕೆ’ ಎನ್ನಬೇಡಿ. ನೊಂದವರನ್ನು ಮತ್ತಾಯ 18 ತೋರಿಸಿ, ‘ನೀನೊಬ್ಬಳೇ ಹೋಗಿ ಅವನಿಗೆ ತಿಳಿಸು’ ಎಂದು ಕಳುಹಿಸಬೇಡಿ. ಅದು ಆಕೆಯನ್ನು ಮತ್ತೆ ಅವನ ಕೈಗೆ ಒಪ್ಪಿಸಿದಂತೆ. ಮಕ್ಕಳ ವಿಷಯವಾದರೆ ಮೊದಲು ಪೊಲೀಸರಿಗೆ, ಆಮೇಲೆ ಅವರ ಸಭೆಯ ಮೇಲಧಿಕಾರಿಗಳಿಗೆ. 1 ತಿಮೊಥೆಯ 5:19ರಲ್ಲಿ ಹಿರಿಯರ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳು ಬೇಕು ಎಂದಿದೆ ಎಂದು ಬಾಯಿ ಮುಚ್ಚಿಸಲು ಬರುವವರಿಗೆ ಮುಂದಿನ ವಚನವನ್ನೂ ಓದಿಸಿ: ಪಾಪ ಮಾಡುತ್ತಿರುವವರನ್ನು ಎಲ್ಲರ ಮುಂದೆ ಗದರಿಸು.

ಕೊನೆಯದಾಗಿ, ನಾವೇ ತಿದ್ದಿಸಿಕೊಳ್ಳುವ ಸರದಿ. ಬೇರೆ ಸಭೆಯವರು ನಮ್ಮ ತಪ್ಪು ತೋರಿಸಿದಾಗ ಕೂಡಲೇ ಉತ್ತರ ಕೊಡಬೇಡಿ. ‘ನೋಡಿ ನಾಳೆ ಹೇಳುತ್ತೇನೆ’ ಎನ್ನಿ. ಅವರ ದನಿ ಒರಟಾಗಿತ್ತು, ಅವರ ಸಭೆಯಲ್ಲೂ ಅದೇ ತಪ್ಪು ಇದೆ, ಅವರಿಗೆ ಕೇಳಲು ಹಕ್ಕಿಲ್ಲ ಎಂಬ ಮೂರೂ ನಿಜವಿರಬಹುದು. ಆದರೆ ಹೇಳಿದ ಸಂಗತಿ ಸರಿಯೋ ತಪ್ಪೋ ಎಂಬುದು ಈ ಮೂರರಿಂದಲೂ ತಿಳಿಯುವುದಿಲ್ಲ. ಮೂಲ ಪುಸ್ತಕ ತೆರೆದು ನೋಡಿ. ಸರಿಯಿದ್ದರೆ, ತಪ್ಪು ಎಲ್ಲಿ ಹೇಳಿದ್ದಿರೋ ಅಲ್ಲೇ ತಿದ್ದಿ: ಬೋಧಪೀಠದಲ್ಲಿ ಹೇಳಿದ್ದನ್ನು ಮುಂದಿನ ಭಾನುವಾರ ಅದೇ ಬೋಧಪೀಠದಲ್ಲಿ, ಗುಂಪಿನಲ್ಲಿ ಹಾಕಿದ್ದನ್ನು ಅದೇ ಗುಂಪಿನಲ್ಲಿ. ಎರಡು ವಾಕ್ಯ ಸಾಕು. ಏನು ಹೇಳಿದ್ದೆ, ನಿಜವಾಗಿ ಅವರು ಬೋಧಿಸುವುದೇನು. ‘ನನ್ನ ಉದ್ದೇಶ ಒಳ್ಳೆಯದಿತ್ತು’ ಎಂಬ ಮೂರನೆಯ ವಾಕ್ಯ ಬೇಡ. ಹೇಳುವ ಮುಂಚೆ ಆ ಎರಡು ವಾಕ್ಯಗಳನ್ನು ತಪ್ಪು ತೋರಿಸಿದವರಿಗೆ ಕಳುಹಿಸಿ, ಈಗ ಸರಿಯಾಯಿತೇ ಎಂದು ಕೇಳಿ.